ಗ್ಲೌಸಿನೊಳಗಿನ ಕೈ

ನನ್ನ ಹಿಡಿತದಿಂದ ತಪ್ಪಿಸಿಕೊಂಡವರು ಯಾರೂ ಇರಲಿಲ್ಲ. ಇದನ್ನು ಜಂಬ ಅಂದುಕೊಳ್ಳಬೇಡಿ. ಅಥವಾ ಅಂದುಕೊಳ್ಳಿ, ಆ ದಿನದವರೆಗೆ ನನಗೆ ಜಂಬ ಇದ್ದದ್ದು ನಿಜವೇ. ಶಾಲೆಯಲ್ಲಿ ಖೋ-ಖೋ ಆಡಿದ ಕಾಲು, ಹಿಟ್ಟಿನ ಗಿರಣಿಯಲ್ಲಿ ಮೂಟೆ ಎತ್ತಿದ ಕೈ. ದೊಡ್ಡಂಗಡಿಯ ಬಾಗಿಲಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದ ಮೇಲೆ ಮೂರು ಸಲ ನನ್ನ ಫೋಟೋ ಒಳಗಿನ ಗೋಡೆ ಏರಿತ್ತು. ಆ ತಿಂಗಳಲ್ಲಿ ಯಾರು ಹೆಚ್ಚು ಗ್ಲೌಸು ಕಳೆದುಕೊಂಡರೋ ಅವರ ಫೋಟೋ ಹಾಕುವುದು ಅಲ್ಲಿನ ಪದ್ಧತಿ. ಕೆಳಗೆ ದಪ್ಪ ಅಕ್ಷರದಲ್ಲಿ 'ಕೊಟ್ರಮ್ಮ' ಎಂದು ಹೆಸರು.

ಗ್ಲೌಸು ಯಾಕೆ ಅಂದರೆ, ನಮ್ಮೂರಿನಲ್ಲಿ ಒಬ್ಬರನ್ನು ಬಲವಂತವಾಗಿ ಹಿಡಿದರೆ ಹಿಡಿದ ಕೈ ಅಲ್ಲೇ ಅಂಟಿಕೊಳ್ಳುತ್ತದೆ. ಮಗುವಿನ ಕೈ ಹಿಡಿದು ರಸ್ತೆ ದಾಟಿಸಿದರೆ ಏನೂ ಆಗುವುದಿಲ್ಲ. ಅದೇ ಮಗುವಿನ ರಟ್ಟೆ ಹಿಡಿದು ದರದರ ಎಳೆದಿರೋ, ಅಂಟಿತು. ಹಿಡಿದವರು 'ಹಿಡಿದದ್ದು ನಾನು' ಎಂದು ಒಪ್ಪಿಕೊಳ್ಳಬೇಕು, ಹಿಡಿಸಿಕೊಂಡವರು 'ಬಿಟ್ಟೆ' ಅನ್ನಬೇಕು, ಅದೂ ಮನಸ್ಸಿನಿಂದ ಅನ್ನಬೇಕು. ಆಗಲೇ ಕೈ ಕಳಚುವುದು. ಅದಕ್ಕೇ ನಮ್ಮ ಬಸ್ಸುಗಳಲ್ಲಿ ಹಿಂದಿನ ಉದ್ದ ಸೀಟು ಅಂಟಿಕೊಂಡ ಜೋಡಿಗಳಿಗೆ ಮೀಸಲು, ಟೈಲರ್‌ಗಳು ತೋಳಿನುದ್ದಕ್ಕೂ ಗುಂಡಿ ಇರುವ ಅಂಗಿ ಹೊಲಿಯುತ್ತಾರೆ. ನನ್ನ ಚಿಕ್ಕಪ್ಪ ಒಮ್ಮೆ ಸಿಟ್ಟಿನಲ್ಲಿ ಚಿಕ್ಕಮ್ಮನ ಜಡೆ ಹಿಡಿದು, ಮೂರು ದಿನ ಅವಳ ಹಿಂದೆಯೇ ಅಂಗನವಾಡಿಗೆ ಹೋಗಿ, ಮಕ್ಕಳ ಸಾಲಿನಲ್ಲಿ ಕೂತು ಉಪ್ಪಿಟ್ಟು ತಿಂದು ಬಂದ. ನಾಲ್ಕನೆಯ ದಿನ ಅವಳೇ ಪಾಪ ಅಂದುಕೊಂಡು ಬಿಟ್ಟಳು. ಹೀಗಾಗಿ ನಮ್ಮೂರಿನ ಜಗಳಗಳು ಹೆಚ್ಚಾಗಿ ಬಾಯಲ್ಲೇ ಮುಗಿಯುತ್ತವೆ.

ದೊಡ್ಡಂಗಡಿ ಬಂದಾಗ ಅದರ ಜೊತೆಗೆ ಮ್ಯಾನೇಜರ್ ವಿರೂಪಾಕ್ಷನೂ ಹೊರಗಿನಿಂದ ಬಂದ. ಕಳ್ಳರನ್ನು ಹಿಡಿದ ಗಾರ್ಡುಗಳು ಕಳ್ಳರಿಗೇ ಅಂಟಿಕೊಂಡು ಅವರ ಮನೆಯಲ್ಲಿ ಊಟ ಮಾಡುತ್ತಾ ಕೂರುವುದನ್ನು ನೋಡಿ ಅವನಿಗೆ ತಲೆ ಕೆಟ್ಟಿತು. ಒಂದು ವಾರ ಯೋಚಿಸಿ ಗ್ಲೌಸು ತರಿಸಿದ. ನೀಲಿ ರಬ್ಬರಿನವು, ಕೈಗಿಂತ ಒಂದು ಸೈಜು ದೊಡ್ಡವು, ಒಳಗೆಲ್ಲ ಪೌಡರು. ಹಿಡಿಯಬೇಕು, ತಿರುಚಬೇಕು, ಬೀಳಿಸಬೇಕು, ಆಮೇಲೆ ಕೈಯನ್ನು ಸರ್ರನೆ ಹೊರಗೆಳೆದುಕೊಳ್ಳಬೇಕು. ಗ್ಲೌಸು ಮಾತ್ರ ಅವರ ಮೈಮೇಲೆ ಅಂಟಿಕೊಂಡು ಉಳಿಯುತ್ತದೆ. ಕತ್ತರಿ ಹಾಕಿದರೆ ಚರ್ಮವೇ ಬರುತ್ತದೆ. ಒಪ್ಪಿಕೊಳ್ಳುವ ಕೈ ಒಳಗಿಲ್ಲದ ಮೇಲೆ ಅವರು 'ಬಿಟ್ಟೆ' ಅಂದರೂ ಅಷ್ಟೇ, ಅನ್ನದಿದ್ದರೂ ಅಷ್ಟೇ. ಐದು ಬೆರಳಿನ ಆ ನೀಲಿ ಗುರುತು ಹೊತ್ತವರನ್ನು ಊರು ಕಳ್ಳರೆಂದೇ ಕರೆಯಿತು. ಪೊಲೀಸರೂ ಬೇಡ, ಕೋರ್ಟೂ ಬೇಡ. ನನಗಂತೂ ಇದು ಬಹಳ ಅನುಕೂಲವಾಗಿ ಕಂಡಿತ್ತು.

ಅಂಗಡಿಯ ಎದುರಿಗೇ ಸೈಕಲ್ ಶಾಪಿನ ಸಿದ್ರಾಮಣ್ಣ ಕೂರುತ್ತಿದ್ದ. ಎರಡು ವರ್ಷದ ಹಿಂದೆ ಒಂದು ಟೀಪುಡಿ ಪ್ಯಾಕೆಟ್ಟಿನ ವಿಷಯದಲ್ಲಿ ನಾನು ಅವನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ್ದೆ. ಪ್ಯಾಕೆಟ್ಟು ಒಡೆದು ನೆಲದ ಪಾಲಾಯಿತು, ಅವನು ಕದ್ದಿದ್ದನೋ ಇಲ್ಲವೋ ಎಂದು ಯಾರೂ ವಿಚಾರಿಸಲಿಲ್ಲ. ಅಂದಿನಿಂದ ಎಂಥ ಸುಡು ಬಿಸಿಲಿನಲ್ಲೂ ಅವನ ಕುತ್ತಿಗೆಗೆ ದಪ್ಪ ಟವೆಲ್ಲು. ಬೆವರು ಸುರಿಸುತ್ತಾ ಪಂಪು ಒತ್ತುತ್ತಿದ್ದ, ನನ್ನ ಕಡೆ ನೋಡುತ್ತಿರಲಿಲ್ಲ, ನಾನೂ ಅವನ ಕಡೆ ನೋಡುತ್ತಿರಲಿಲ್ಲ.

ಇನ್ನು ಆ ದಿನದ ಕಥೆ. ಅಂದು ಮೇಲಿನ ಕೇರಿಗೂ ನಮ್ಮ ಕೆಳಗಿನ ಕೇರಿಗೂ ಹೆಂಗಸರ ಕಬಡ್ಡಿ ಫೈನಲ್. ನಮ್ಮೂರಿನ ಕಬಡ್ಡಿ ನೋಡಬೇಕು ನೀವು. ರೈಡಿಗೆ ಬಂದವಳನ್ನು ಏಳು ಜನ ಸೇರಿ ಹಿಡಿದು ಕೆಡವುತ್ತಾರೆ, ಏಳು ಜೋಡಿ ಕೈಗಳೂ ಅಂಟುತ್ತವೆ. ಸೀಟಿ ಊದಿದ ಕೂಡಲೇ ಏಳೂ ಜನ 'ನಾನು, ನಾನು, ನಾನು' ಎಂದು ಕೂಗುತ್ತಾರೆ, ಕೆಳಗೆ ಬಿದ್ದವಳು ಮಣ್ಣು ಉಗುಳುತ್ತಾ 'ಬಿಟ್ಟೆ' ಅನ್ನುತ್ತಾಳೆ, ಎಲ್ಲರೂ ಬಿಡಿಸಿಕೊಂಡು ನಗುತ್ತಾ ಏಳುತ್ತಾರೆ. ಮನಸ್ಸಿನಲ್ಲಿ ಕಹಿ ಇಟ್ಟುಕೊಂಡವಳು ನಮ್ಮೂರಿನಲ್ಲಿ ಕಬಡ್ಡಿ ಆಡಲಾರಳು. ನಮ್ಮ ಕೇರಿಯ ಹಾಲಮ್ಮನಂತೂ ಅದರಲ್ಲಿ ಎತ್ತಿದ ಕೈ. ನಲವತ್ತನಾಲ್ಕು ವರ್ಷದ ಹೆಂಗಸು, ಇಪ್ಪತ್ತು ವರ್ಷದಿಂದ ನಮ್ಮ ಕ್ಯಾಪ್ಟನ್. ಅವಳ 'ಬಿಟ್ಟೆ' ಸೀಟಿಗಿಂತ ಮೊದಲು ಬರುತ್ತದೆ ಎಂದು ಜನ ತಮಾಷೆ ಮಾಡುತ್ತಿದ್ದರು. ಇದೇ ತನ್ನ ಕೊನೆಯ ಆಟ ಎಂದು ಅವಳು ಊರಿಗೆಲ್ಲ ಹೇಳಿಬಿಟ್ಟಿದ್ದಳು.

ನನಗೆ ಅಂದು ಡ್ಯೂಟಿ. ಆಟಕ್ಕೆ ಹೋಗಲಾಗಲಿಲ್ಲವಲ್ಲ ಎಂದು ಬೆಳಗಿನಿಂದಲೂ ಮೈಯೆಲ್ಲ ಉರಿ. ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ತಲೆತುಂಬ ಸೆರಗು ಹೊದ್ದ ಒಬ್ಬ ಹೆಂಗಸು ಔಷಧಿ ಸಾಮಾನಿನ ಮೂಲೆಯಲ್ಲಿ ಬಗ್ಗಿ, ಸೀರೆ ಮೊಣಕಾಲಿನವರೆಗೆ ಎತ್ತಿ, ಒಳಗೆ ಏನೋ ಸೇರಿಸಿಕೊಂಡದ್ದು ಕಂಡಿತು. ಎದ್ದವಳೇ ಬಾಗಿಲಿನತ್ತ ಓಡತೊಡಗಿದಳು. ಓಡುವವರನ್ನು ಮೊದಲು ಹಿಡಿಯಿರಿ, ಆಮೇಲೆ ಕೇಳಿ ಎಂಬುದು ವಿರೂಪಾಕ್ಷನ ಪಾಠ. ನನ್ನ ಕಾಲು ಪಾಠಕ್ಕೂ ಕಾಯಲಿಲ್ಲ. ಅವಳು ಮೆಟ್ಟಿಲು ಇಳಿಯುವಷ್ಟರಲ್ಲಿ ಹಾರಿ ಎಡ ರಟ್ಟೆಗೆ ಕೈ ಹಾಕಿದೆ, ತಿರುಚಿದೆ, ಕೆಳಕ್ಕೆ ಒತ್ತಿದೆ. ಅವಳ ಮೊಣಕಾಲು ಕಲ್ಲಿನ ಅಂಚಿಗೆ ಬಡಿದ ಸದ್ದು ನನಗೆ ಚೆನ್ನಾಗಿ ಕೇಳಿಸಿತು. ಕೈ ಹೊರಗೆಳೆದುಕೊಂಡೆ, ಗ್ಲೌಸು ಉಳಿಯಿತು. ಆಗಲೇ ಸೆರಗು ಜಾರಿ ಮುಖ ಕಂಡದ್ದು. ಹಾಲಮ್ಮ.

ದುಡ್ಡು ಕೊಟ್ಟಿದ್ದೇನೆ, ಕೌಂಟರಿನಲ್ಲಿ ಕೇಳು ಎಂದು ಅವಳು ಹೇಳುತ್ತಲೇ ಇದ್ದಳು. ಎಲ್ಲರೂ ಹೇಳುವುದು ಅದನ್ನೇ. ಕೌಂಟರಿನಲ್ಲಿ ಆಗ ಯಾರೂ ಇರಲಿಲ್ಲ, ಬಿಲ್ಲು ಹಾಕುವ ಜರೀನಾ ಊಟಕ್ಕೆ ಹೋಗಿದ್ದಳು. ದೊಡ್ಡ ಹೆಸರಿನವರಿಗೂ ಕೈ ಚಪಲ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡು, ಸುತ್ತ ಕೂಡಿದ ಜನರ ಎದುರಿಗೇ ಸೀರೆ ಎತ್ತಿಸಿದೆ. ಬಲ ಮೊಣಕಾಲಿಗೆ ಹೊಸ ನೀಕ್ಯಾಪು. ಅದನ್ನು ಎಳೆದು ತೆಗೆದುಕೊಂಡು ಅವಳನ್ನು ಕಳಿಸಿದೆ. ಅವಳು ಎಡ ರಟ್ಟೆಯ ಮೇಲಿನ ನೀಲಿ ಬೆರಳುಗಳನ್ನು ಬಲಗೈಯಿಂದ ಮುಚ್ಚಿಕೊಂಡು, ಕುಂಟುತ್ತಾ ಹೋದಳು. ವಿರೂಪಾಕ್ಷ ಬೆನ್ನು ತಟ್ಟಿ, ಈ ತಿಂಗಳೂ ಫೋಟೋ ನಿನ್ನದೇ ಅಂದ.

ಮೂರೂವರೆಗೆ ಜರೀನಾ ಊಟ ಮುಗಿಸಿ ಬಂದಳು. ಕೌಂಟರಿನ ಕೆಳಗಿನಿಂದ ಖಾಲಿ ಡಬ್ಬಿ ತೆಗೆದು, ಒಳಗಿನ ಬಿಲ್ಲನ್ನು ನನಗೆ ತೋರಿಸಿದಳು.

"ಹಾಲಮ್ಮಕ್ಕ ಬಂದಿದ್ರು. ದುಡ್ಡು ಕೊಟ್ಟು, ಇಲ್ಲೇ ಹಾಕ್ಕೊಂಡು ಹೋಗ್ತೀನಿ, ಆಟಕ್ಕೆ ಹೊತ್ತಾಯ್ತು ಅಂದ್ರು. ಡಬ್ಬಿ ಇಲ್ಲೇ ಬಿಟ್ಟು ಹೋಗ್ಯಾರೆ ನೋಡು, ಮರೆವು."

ಡಬ್ಬಿಯನ್ನು ಅವಳ ಕೈಯಿಂದ ಕಿತ್ತುಕೊಂಡೆ. ಗ್ಲೌಸು ಅಂಟಿದವರನ್ನು ಕಬಡ್ಡಿ ಅಂಗಳಕ್ಕೆ ಇಳಿಸುವುದಿಲ್ಲ. ನಾಲ್ಕಕ್ಕೆ ಆಟ. ಇಪ್ಪತ್ತು ವರ್ಷದ ಕೊನೆಯ ಆಟವನ್ನು ಹಾಲಮ್ಮ ಹಗ್ಗದ ಹೊರಗೆ ಕೂತು ನೋಡಬೇಕು, ಅದೂ ನನ್ನ ಐದು ಬೆರಳು ಹೊತ್ತುಕೊಂಡು. ದಾರಿ ಒಂದೇ ಇತ್ತು. ಹಿಡಿದ ಕೈಯೇ ಹೋಗಿ ಆ ಗ್ಲೌಸಿನೊಳಗೆ ಸೇರಿ ಒಪ್ಪಿಕೊಳ್ಳಬೇಕು. ಇಲ್ಲಿಯವರೆಗೆ ಯಾವ ಗಾರ್ಡೂ ಅದನ್ನು ಮಾಡಿರಲಿಲ್ಲ. ನೀಕ್ಯಾಪು ಡಬ್ಬಿಗೆ ಹಾಕಿಕೊಂಡು ಹೊರಟಾಗ ವಿರೂಪಾಕ್ಷ ಬಾಗಿಲಿಗೆ ಅಡ್ಡ ನಿಂತ. ಮೊದಲು ನಯವಾಗಿ ಹೇಳಿದ, ಸೀರೆ ಕಳಿಸೋಣ, ಸಿಹಿ ಕಳಿಸೋಣ ಅಂದ. ನಾನು ಕೇಳದಿದ್ದಾಗ ದನಿ ಬದಲಾಯಿತು.

"ಒಂದ್ ಸಲ ಕೈ ವಾಪಸ್ ಹಾಕಿದ್ರೆ ನಾಳೆ ಊರೆಲ್ಲ ಕ್ಯೂ ನಿಲ್ತದೆ, ತಿಳೀತಾ? ಹೋಗೋದಾದ್ರೆ ಮತ್ತೆ ಈ ಮೆಟ್ಟಿಲು ಹತ್ತಬೇಡ."

ಅವನನ್ನು ರಟ್ಟೆ ಹಿಡಿದು ಪಕ್ಕಕ್ಕೆ ಎಸೆಯಬೇಕು ಅನ್ನಿಸಿತು. ಆದರೆ ಆಗ ಬರಿಗೈ, ಅವನಿಗೆ ಅಂಟಿಕೊಂಡರೆ ಗತಿಯೇನು? ಅವನ ಕಂಕುಳ ಕೆಳಗಿನಿಂದ ಖೋ-ಖೋದಲ್ಲಿ ನುಸುಳಿದಂತೆ ನುಸುಳಿ ರಸ್ತೆಗೆ ಬಿದ್ದೆ.

ಆಟದ ಬಯಲು ಊರಿನ ಆ ತುದಿ. ಓಡಿದರೆ ಅರ್ಧ ಗಂಟೆ. ಎದುರಿಗೆ ಸಿದ್ರಾಮಣ್ಣ ಎಲ್ಲವನ್ನೂ ನೋಡುತ್ತಾ ನಿಂತಿದ್ದ. ಜರೀನಾ ಡಬ್ಬಿ ತೋರಿಸಿದ್ದು, ನಾನು ಜಗಳವಾಡಿದ್ದು, ಎಲ್ಲ. ಒಂದು ಸೈಕಲ್ಲನ್ನು ಸ್ಟ್ಯಾಂಡಿನಿಂದ ಇಳಿಸಿ ನನ್ನ ಮುಂದೆ ತಂದು ನಿಲ್ಲಿಸಿದ.

"ಗಾಳಿ ಸರಿಯಾಗೈತೆ. ಬ್ರೇಕ್ ಸ್ವಲ್ಪ ಸಡಿಲ, ಇಳಿಜಾರಲ್ಲಿ ನೋಡ್ಕೊಂಡು ಹೋಗು."

ಅವನ ಮುಖ ನೋಡಲು ನಾಚಿಕೆಯಾಗಿ ಟವೆಲ್ಲನ್ನೇ ನೋಡುತ್ತಾ ಸೈಕಲ್ ತೆಗೆದುಕೊಂಡೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲೇ ಇಲ್ಲ. ತರಕಾರಿ ಗಾಡಿಗಳ ನಡುವೆ, ಎರಡು ಎಮ್ಮೆಗಳ ನಡುವೆ, ಬೆನ್ನಿಗೆ ಕೈ ಅಂಟಿಸಿಕೊಂಡು ಬೈದಾಡುತ್ತಾ ಹೋಗುತ್ತಿದ್ದ ಅಣ್ಣತಮ್ಮಂದಿರ ಪಕ್ಕದಲ್ಲಿ ಹಾರಿಕೊಂಡು ಹೋದೆ. ದಾರಿಯಲ್ಲೆಲ್ಲೋ ಟೋಪಿ ಹಾರಿತು. ಬಯಲು ಹತ್ತಿರವಾದಂತೆ ಜನರ ಕೂಗು ಕೇಳಿಸಿತು. ಆಟ ಶುರುವಾಗಿ ಹೋಗಿತ್ತು.

ಹಾಲಮ್ಮ ಹಗ್ಗದ ಹೊರಗೆ ಒಂದು ಕಲ್ಲಿನ ಮೇಲೆ ಕೂತಿದ್ದಳು. ಅವಳ ಸುತ್ತ ಯಾರೂ ಇರಲಿಲ್ಲ. ಇಪ್ಪತ್ತು ವರ್ಷ ಜೈಕಾರ ಹಾಕಿದ ಜನವೇ ಎರಡು ಮಾರು ಜಾಗ ಬಿಟ್ಟು ನಿಂತಿತ್ತು. ಒಳಗೆ ನಮ್ಮ ಹುಡುಗಿಯರು ಒಬ್ಬೊಬ್ಬರಾಗಿ ಔಟಾಗುತ್ತಿದ್ದರು. ನಾನು ಏದುಸಿರು ಬಿಡುತ್ತಾ ಹೋಗಿ, ಅವಳ ಎಡ ರಟ್ಟೆಯ ಗ್ಲೌಸಿನೊಳಗೆ ನನ್ನ ಬಲಗೈ ತೂರಿಸಿದೆ. ಬೆರಳುಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಒಳಗೆ ಅವಳ ಮೈ ಬಿಸಿಯೆಲ್ಲ ಇತ್ತು.

"ಹಿಡಿದದ್ದು ನಾನು," ಅಂದೆ. "ಬಿಲ್ ಸಿಕ್ತು ಅಕ್ಕ. ನಿಮ್ಮ ಕ್ಯಾಪ್ ತಂದೀನಿ. ನಂದೇ ತಪ್ಪು."

ಅವಳು ಅಂಗಳದ ಕಡೆ ನೋಡಿದಳು. ಆಡಬೇಕೆಂಬ ಆಸೆ ಅವಳ ಕಾಲಿನ ಬೆರಳುಗಳಲ್ಲೇ ಕಾಣುತ್ತಿತ್ತು. ಕಣ್ಣು ಮುಚ್ಚಿ 'ಬಿಟ್ಟೆ' ಅಂದಳು. ಗ್ಲೌಸು ಅಲುಗಲಿಲ್ಲ. ಇನ್ನೊಮ್ಮೆ ಅಂದಳು. ಮೂರನೆಯ ಸಲ ಕಿರುಚಿದಳು. ಏನೂ ಆಗಲಿಲ್ಲ. ಊರಿನಲ್ಲಿ ಎಲ್ಲರಿಗಿಂತ ಬೇಗ ಬಿಡುವ ಹಾಲಮ್ಮನಿಗೆ ನನ್ನನ್ನು ಬಿಡಲಾಗಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು, ನನ್ನ ಕಣ್ಣಲ್ಲೂ ಬಂತು.

"ಬಾಯಿ ಅಂತೈತೆ, ಒಳಗಿಂದ ಬರಂಗಿಲ್ಲ," ಅಂದಳು. "ಎಲ್ರ ಎದುರಿಗೆ ಸೀರೆ ಎತ್ತಿಸಿದೆಯಲ್ಲೇ, ಹೆಂಗೆ ಬರ್ತದೆ?"

ಕೈಯನ್ನು ಹೊರಗೆ ತೆಗೆಯಲು ನನಗೆ ಮನಸ್ಸು ಬರಲಿಲ್ಲ. ಹಾಗೇ ಅವಳನ್ನು ಎಬ್ಬಿಸಿಕೊಂಡು ಅಂಪೈರ್ ದ್ಯಾಮಣ್ಣ ಮೇಷ್ಟ್ರ ಬಳಿಗೆ ಹೋದೆ. ಗ್ಲೌಸು ಖಾಲಿ ಇದ್ದರೆ ತಾನೇ ನಿಷೇಧ, ಈಗ ಒಳಗೆ ಕೈ ಇದೆ, ಒಪ್ಪಿಕೊಂಡೂ ಆಗಿದೆ, ಈಗ ಇವರು ಕಳ್ಳಿಯಲ್ಲ, ಬರೀ ಹಿಡಿಸಿಕೊಂಡವರು ಎಂದು ವಾದ ಮಾಡಿದೆ. ಮೇಷ್ಟ್ರು ಸೀಟಿಯನ್ನು ಬಾಯಿಂದ ತೆಗೆದು, ಕನ್ನಡಕ ಒರೆಸಿಕೊಂಡು, ಮೇಲಿನ ಕೇರಿಯವರ ಗಲಾಟೆಯನ್ನೆಲ್ಲ ಕೇಳಿಸಿಕೊಂಡು ಕೊನೆಗೆ ತೀರ್ಪು ಕೊಟ್ಟರು.

"ಇಬ್ಬರೂ ಸೇರಿ ಒಬ್ಬಳು. ಇವಳನ್ನು ಮುಟ್ಟಿದ್ರೂ ಅವಳನ್ನು ಮುಟ್ಟಿದಂಗೆ. ಕೈ ಒಳಗಿರೋ ತನಕ ಆಡಬಹುದು. ಕೈ ಜಾರಿ ಹೊರಗೆ ಬಂತೋ, ಅಲ್ಲಿಗೆ ಔಟ್."

ಬಯಲೆಲ್ಲ ಹೋ ಎಂದಿತು. ನಾನು ಬೂಟು ಬಿಚ್ಚಿ ಎಸೆದೆ, ಯೂನಿಫಾರ್ಮಿನ ಪ್ಯಾಂಟು ಮಡಚಿಕೊಂಡೆ, ಎಡಗೈಯಿಂದಲೇ ಹಾಲಮ್ಮನಿಗೆ ನೀಕ್ಯಾಪು ಏರಿಸಿದೆ. ಅವಳ ಮೊಣಕಾಲು ಊದಿ ತೆಂಗಿನಕಾಯಿಯಷ್ಟಾಗಿತ್ತು. ನೋವಾಯಿತೇ ಎಂದು ಕೇಳುವಷ್ಟರಲ್ಲಿ ಅವಳು ನನ್ನನ್ನು ಅಂಗಳಕ್ಕೆ ಎಳೆದುಕೊಂಡು ಹೋದಳು.

ಅಬ್ಬಾ, ಆಮೇಲಿನ ಆಟ! ಮೊದಲ ಎರಡು ರೈಡಿನಲ್ಲಿ ನಾವಿಬ್ಬರೂ ಒಬ್ಬರ ಕಾಲು ಒಬ್ಬರು ತುಳಿದುಕೊಂಡು ನಗೆಪಾಟಲಾದೆವು. ಮೂರನೆಯದರಲ್ಲಿ ಅವಳ ಹೆಜ್ಜೆಯ ತಾಳ ನನ್ನ ಕಾಲಿಗೆ ಸಿಕ್ಕಿತು. ಅವಳು ಎಡಕ್ಕೆ ವಾಲುವ ಮೊದಲೇ ಅವಳ ರಟ್ಟೆಯ ಸ್ನಾಯು ಬಿಗಿಯುವುದು ನನ್ನ ಅಂಗೈಗೆ ತಿಳಿಯುತ್ತಿತ್ತು. 'ಕಬಡ್ಡಿ, ಕಬಡ್ಡಿ' ಎಂದು ಅವಳು ಉಸಿರು ಹಿಡಿದರೆ, ನಾನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಓಡುತ್ತಾ ಎಡಗೈ ಚಾಚುತ್ತಿದ್ದೆ. ಇಬ್ಬರನ್ನು ಮುಟ್ಟಿ ಬಂದೆವು, ಆಮೇಲೆ ಒಬ್ಬಳನ್ನು, ಆಮೇಲೆ ಮತ್ತಿಬ್ಬರನ್ನು. ಎರಡು ಮಾರು ದೂರ ನಿಂತಿದ್ದ ಜನ ಹಗ್ಗಕ್ಕೇ ಬಂದು ಒತ್ತಿಕೊಂಡಿತು. ನನಗಂತೂ ಕೆಲಸ ಹೋದದ್ದೂ ಮರೆತು ಹೋಗಿತ್ತು.

ಕೊನೆಯ ರೈಡು ಉಳಿದಾಗ ನಾವು ಒಂದು ಅಂಕ ಹಿಂದೆ. ಹಾಲಮ್ಮ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು ಗೆರೆ ದಾಟಿದಳು. ಮೇಲಿನ ಕೇರಿಯವರು ಈಗ ಬುದ್ಧಿವಂತರಾಗಿದ್ದರು. ಅವಳನ್ನು ಬಿಟ್ಟು ನನ್ನ ಮೇಲೆ ಬಿದ್ದರು. ಒಬ್ಬಳು ಕಾಲು ಹಿಡಿದಳು, ಒಬ್ಬಳು ಸೊಂಟ ಹಿಡಿದಳು, ಒಬ್ಬಳು ಎಡಗೈಯನ್ನು ಬೆನ್ನಿಗೆ ತಿರುಚಿದಳು. ಇನ್ನೊಬ್ಬಳು ಹಿಂದಿನಿಂದ ನನ್ನ ಕುತ್ತಿಗೆ ಹಿಡಿದು ಕೆಳಕ್ಕೆ ಒತ್ತಿದಳು. ಹಿಡಿಯುವುದಷ್ಟೇ ಗೊತ್ತಿದ್ದ ನನಗೆ ಹಿಡಿಸಿಕೊಂಡು ಗೊತ್ತಿರಲಿಲ್ಲ. ಉಸಿರು ಅರ್ಧಕ್ಕೆ ನಿಂತಿತು, ಕಣ್ಣು ಕತ್ತಲಾಯಿತು. ಇದು ಆಟ, ಸೀಟಿ ಊದಿದರೆ ಮುಗಿಯುತ್ತದೆ ಎಂದು ಗೊತ್ತಿದ್ದರೂ ಪ್ರಾಣಭಯವಾಯಿತು. ಸಿದ್ರಾಮಣ್ಣನಿಗೆ ಸೀಟಿ ಊದುವವರು ಯಾರೂ ಇರಲಿಲ್ಲ.

ಹಾಲಮ್ಮ ಮಧ್ಯದ ಗೆರೆಯತ್ತ ಜಗ್ಗುತ್ತಿದ್ದಳು. ನನ್ನ ಬಲಗೈ ಅವಳ ರಟ್ಟೆಯಲ್ಲಿ, ಉಳಿದ ಮೈ ನಾಲ್ವರ ಹಿಡಿತದಲ್ಲಿ. ಬೆವರು, ಪೌಡರು ಸೇರಿ ಗ್ಲೌಸಿನೊಳಗೆಲ್ಲ ಅಂಟು ಗಂಜಿಯಾಗಿತ್ತು, ಕೈ ಜಾರತೊಡಗಿತು. ಮೊದಲು ಅಂಗೈ ಸರಿಯಿತು, ಆಮೇಲೆ ಬೆರಳಿನ ಗೆಣ್ಣು. ಜಾರಲಿಕ್ಕೆಂದೇ ಮಾಡಿದ ಗ್ಲೌಸು ಅದು. ನನ್ನ ಕೈಗೂ ಜಾರಿಯೇ ಅಭ್ಯಾಸ. ಎಷ್ಟು ಸಲ ಸರ್ರನೆ ಎಳೆದುಕೊಂಡು, ಕೈ ಕೊಡವಿ, ಟೀ ಕುಡಿಯಲು ಹೋಗಿದ್ದೇನೋ. ಒಮ್ಮೆ ಬಿಟ್ಟುಬಿಟ್ಟರೆ ನನ್ನ ನೋವು ಮುಗಿಯುತ್ತಿತ್ತು. ಹಲ್ಲು ಕಚ್ಚಿ, ಉಳಿದಿದ್ದ ಎರಡು ಬೆರಳುಗಳನ್ನು ಒಳಗೇ ಕೊಕ್ಕೆ ಮಾಡಿಕೊಂಡೆ. ಉಗುರು ಕಿತ್ತು ಬಂದಷ್ಟು ನೋವು. ಬಿಡಲಿಲ್ಲ. ಹಾಲಮ್ಮ ಒಮ್ಮೆ ಹಿಂದಿರುಗಿ ಆ ಬೆರಳುಗಳನ್ನು ನೋಡಿದಳು. ಆಮೇಲೆ ಊದಿದ ಕಾಲನ್ನೇ ಊರಿ, ಒಂದು ಕೂಗು ಹಾಕಿ, ನನ್ನನ್ನೂ ನನಗೆ ಅಂಟಿದ ನಾಲ್ವರನ್ನೂ ಎಳೆದುಕೊಂಡು ಮುಂದಕ್ಕೆ ಬಿದ್ದಳು. ಅವಳ ನಡುಬೆರಳು ಗೆರೆಯ ಸುಣ್ಣ ಮುಟ್ಟಿತು.

ಸೀಟಿ ಊದಿದರೋ ಇಲ್ಲವೋ ನನಗೆ ಕೇಳಿಸಲೇ ಇಲ್ಲ, ಬಯಲು ಅಷ್ಟು ಕೂಗುತ್ತಿತ್ತು. ನಾಲ್ಕು ಅಂಕ! ನನ್ನ ಮೇಲೆ ಬಿದ್ದಿದ್ದ ನಾಲ್ವರು ಸೋತ ಮುಖದಲ್ಲೇ 'ನಾನು, ನಾನು, ನಾನು, ನಾನು' ಅಂದರು. ನಾನು 'ಬಿಟ್ಟೆ' ಅಂದೆ. ಹುಟ್ಟಿದಾಗಿನಿಂದ ಯಾರಿಗೂ ಅಂದಿರಲಿಲ್ಲ. ಕುತ್ತಿಗೆಯ ಮೇಲಿನ ಕೈ ಕಳಚಿದಾಗ ಆದ ಹಗುರವನ್ನು ಹೇಳಲಿಕ್ಕೆ ಬರುವುದಿಲ್ಲ, ಮಣ್ಣಿನಲ್ಲಿ ಬಿದ್ದುಕೊಂಡೇ ಅತ್ತುಬಿಟ್ಟೆ.

ಹಾಲಮ್ಮ ಪಕ್ಕದಲ್ಲಿ ಕೂತು ಉಸಿರಾಡುತ್ತಿದ್ದಳು. ನಮ್ಮ ಕೇರಿಯವರು ಅವಳನ್ನು ಎತ್ತಿಕೊಳ್ಳಲು ಬಂದರು, ತಡೀರಿ ಎಂದು ಕೈ ಅಡ್ಡ ಹಿಡಿದಳು.

"ಕಲ್ಲಿಗೆ ಕೆಡವಿದ್ಯಾರು?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು.

"ನಾನು."

"ದುಡ್ಡು ಕೊಟ್ಟೀನಿ ಅಂದ್ರೂ ಕೇಳದೆ ಇದ್ದಿದ್ಯಾರು?"

"ನಾನು."

"ಎಲ್ರ ಎದುರಿಗೆ ಸೀರೆ ಎತ್ತಿಸಿದ್ದು?"

ಎಲ್ಲರ ಎದುರಿಗೇ 'ನಾನು' ಅಂದೆ. ಹಾಲಮ್ಮ ನನ್ನ ಮುಖ ನೋಡುತ್ತಾ ಎಂದಿನ ತನ್ನ ಆಟದ ದನಿಯಲ್ಲಿ 'ಬಿಟ್ಟೆ' ಅಂದಳು. ಗ್ಲೌಸು ಅವಳ ರಟ್ಟೆಯಿಂದ ಕಳಚಿ ಮಣ್ಣಿಗೆ ಬಿತ್ತು. ಅದರ ಜೊತೆಗೇ ನನ್ನ ಕೈಯೂ ಬಿತ್ತು, ಎತ್ತಲು ಅದರಲ್ಲಿ ಶಕ್ತಿಯೇ ಉಳಿದಿರಲಿಲ್ಲ.

ಅವಳನ್ನು ಹೆಗಲ ಮೇಲೆ ಹೊತ್ತುಕೊಂಡು ಕುಣಿಯುತ್ತಾ ಹೋದರು. ನಾನೂ ಹಿಂದೆ ಹೋಗಬೇಕೆಂದು ಎದ್ದೆ. ಹೋಗಲಾಗಲಿಲ್ಲ. ನನ್ನ ಮುಂದೆ ಜನ ನಿಂತಿದ್ದರು. ಒಬ್ಬಳು ಮುಂಗೈ ಮೇಲಿನ ಕರವಸ್ತ್ರ ಬಿಚ್ಚುತ್ತಿದ್ದಳು, ಒಬ್ಬ ಅಂಗಿಯ ಗುಂಡಿ ತೆಗೆದು ಭುಜ ತೋರಿಸುತ್ತಿದ್ದ. ಎಲ್ಲ ಕಡೆ ನೀಲಿ. ವಿರೂಪಾಕ್ಷ ಹೇಳಿದ್ದ ಕ್ಯೂ ನಾಳೆಯವರೆಗೂ ಕಾದಿರಲಿಲ್ಲ. ಎಲ್ಲರಿಗಿಂತ ಮುಂದೆ ಸಿದ್ರಾಮಣ್ಣ. ಸೈಕಲ್ಲಿನ ಹಿಂದೆಯೇ ಅಷ್ಟು ದೂರ ನಡೆದು ಬಂದಿದ್ದ. ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು, ನನಗೆ ಬೆನ್ನು ಮಾಡಿ, ತಲೆ ಬಗ್ಗಿಸಿ ನಿಂತ. ಎರಡು ವರ್ಷದ ಬೆವರಿಗೆ ಗ್ಲೌಸಿನ ಸುತ್ತ ಚರ್ಮವೆಲ್ಲ ಕೆಂಪಾಗಿ ಸುಲಿದಿತ್ತು. ಬೆರಳುಗಳನ್ನು ಒಂದೊಂದಾಗಿ ಅದರೊಳಗೆ ತೂರಿಸಿದೆ.

ನಾನು ಬಾಯಿ ತೆರೆಯುವ ಮೊದಲೇ ಅವನು ಮೆಲ್ಲಗೆ, ನೆಲ ನೋಡುತ್ತಲೇ ಹೇಳಿದ.

"ಒಂದು ಮಾತು ತಂಗಿ. ಆ ಟೀಪುಡಿ ನಾನು ತಗೊಂಡಿದ್ದು ಹೌದು."

"ಇರ್ಲಿ ಅಣ್ಣ," ಅಂದೆ. "ಕುತ್ತಿಗೆ ಹಿಡಿದದ್ದು ನಾನು."